ಮಾಯಾಳ ಹನ್ನೊಂದು ಕೋಳಿಗಳು

ಕುಲಗೋಡ
12 ಮಾರ್ಚ್ 2024

ತಂಗಿ ಅಲ್ಲವ್ವನಿಗೆ ಬಾಜೂ ಮನೆಯ ಕಾಶೆವ್ವನ ಶರಣು.

ನೀನು ತಮ್ಮನ ಮನೆಗೆಂದು ಯಮಕನಮರಡಿಗೆ ಹೋಗಿ ಮೂರು ದಿನವಾಯಿತು. ಫೋನ್ ಮಾಡಿದರೆ ರಾವಸಾಹೇಬನೇ ಎತ್ತುತ್ತಾನೆ. "ಅಕ್ಕ ಫೋನ್ ಮುಟ್ಟಂಗಿಲ್ಲರಿ ಕಾಶಕ್ಕ. ಕಿವಿಗೆ ಹಿಡದ್ರೂ ಮಾತಾಡಂಗಿಲ್ಲ" ಎಂದ. ಮಗಳು ಮಾಯಾ ಹೋದ ಸುದ್ದಿ ಆ ಫೋನಿನಲ್ಲೇ ಬಂದದ್ದು, ಮುಟ್ಟದಿದ್ದರೆ ನಿನ್ನ ತಪ್ಪೇನೂ ಇಲ್ಲ. ಅದಕ್ಕೇ ಈ ಪತ್ರ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಬರೆದದ್ದೆಂದರೆ ನಮ್ಮ ಗಿರಣಿಗೆ ಬರುವ ಹಿಟ್ಟಿನ ಡಬ್ಬಿಗಳ ಮೇಲೆ ಹೆಸರು ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಕೀಲಿ ಕೊಟ್ಟು ಹೋದೆ, "ಕೋಳಿ ನೋಡ್ಕೋರಿ" ಎಂದೆ, ಇನ್ನೇನೂ ಹೇಳಲಿಲ್ಲ. ಮಾಯಾಳ ಹನ್ನೊಂದು ಕೋಳಿಗಳೂ ಚೆನ್ನಾಗಿವೆ. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ, ಲಿಂಗ ಕಟ್ಟಿದ ಮನೆಗೆ ಬಂದವಳು ಐವತ್ತೆಂಟನೆಯ ವಯಸ್ಸಿನಲ್ಲಿ ಕೋಳಿ ಕಾಯುವುದನ್ನು ಕಲಿಯುತ್ತಿದ್ದೇನೆ. ನಮ್ಮ ಮನೆಯವರು ಮೊದಲ ದಿನವೇ ಕಾನೂನು ಮಾಡಿದರು: "ಕೋಳಿ ನಮ್ಮ ಹಿತ್ತಲಕ್ಕ ಬರಬಾರದು. ನೀ ಅವರ ಹಿತ್ತಲಕ್ಕ ಹೋಗು, ನಾ ಬ್ಯಾಡ ಅನ್ನಂಗಿಲ್ಲ." ತತ್ತಿಯನ್ನು ಕೈಯಿಂದ ಮುಟ್ಟುವುದಿಲ್ಲ, ಅದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಹುಗ್ಗಿಯ ಹಳೆಯ ಸೌಟಿಗೆ ಉದ್ದ ಕೋಲು ಕಟ್ಟಿದ್ದೇನೆ. ಒಂದೊಂದೇ ಎತ್ತಿ ಬುಟ್ಟಿಗೆ ಇಳಿಸಿ ನಿನ್ನ ಕಟ್ಟೆಯ ಮೇಲೆ ಇಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಎಗ್ ರೈಸ್ ಗಾಡಿ ಇಟ್ಟಿರುವ ಭೀಮೇಶ ಬಂದು ಒಯ್ಯುತ್ತಾನೆ. ನಾನು ಸೌಟು ಹಿಡಿದು ನಿಂತದ್ದನ್ನು ನೋಡಿ ಅವನು ನಕ್ಕದ್ದು ನಗಲಿ ಬಿಡು.

ಒಂದು ಕೆಂಪು ಕೋಳಿ ಉಳಿದವಕ್ಕೆಲ್ಲ ಕುಕ್ಕುತ್ತದೆ, ತಾನು ತಿಂದ ಮೇಲೆಯೇ ಬೇರೆಯವರು ತಿನ್ನಬೇಕು. ಅದಕ್ಕೆ ನಮ್ಮ ಅತ್ತೆಯ ಹೆಸರು ಇಟ್ಟಿದ್ದೇನೆ, ಪಾರವ್ವ. ನಮ್ಮ ಮನೆಯವರಿಗೆ ಹೇಳಿಲ್ಲ.

ಕೆಲಸದ ಮಾತು ಈಗ. ಕೋಳಿಗೆ ಏನು ಹಾಕಬೇಕು ಎಂದು ನಾನು ಯಾರನ್ನೂ ಕೇಳಿ ತಿಳಿದವಳಲ್ಲ. ಗೋಡೆಯ ಮೇಲಿಂದ ಕಂಡದ್ದಷ್ಟೇ ಗೊತ್ತು. ದಿನಾ ಸಂಜೆ ನಾಲ್ಕಕ್ಕೆ ಮಾಯಾ ಓಡಣಿಯ ಸೆರಗಿನಲ್ಲಿ ಏನಾದರೂ ಕಟ್ಟಿಕೊಂಡು ಬರುತ್ತಿದ್ದಳು. ಚುರುಮುರಿ, ಕೊಚ್ಚಿದ ಮೆಂತ್ಯೆ ಸೊಪ್ಪು, ನೆನೆಸಿದ ಮೆಕ್ಕೆಜೋಳ, ಕಲ್ಲಂಗಡಿ ಸಿಪ್ಪೆ. ಅವು ಅವಳ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ನಾನೂ ಅದನ್ನೇ ಹಾಕುತ್ತಿದ್ದೇನೆ. ಗಿರಣಿಯ ಕೆಳಗೆ ಬಿದ್ದ ಜೋಳ, ಗೋಧಿಯ ನುಚ್ಚು ನಮ್ಮಲ್ಲಿ ಬೇಕಾದಷ್ಟು. ಸಂಜೆ ಒಂದೇ ಸಲ ಸಾಲದೆಂದು ಬೆಳಿಗ್ಗೆಯೂ ಮಧ್ಯಾಹ್ನವೂ ಹಾಕುತ್ತೇನೆ. ಇಷ್ಟು ಸಾಕೋ, ಬೇರೆ ಏನಾದರೂ ಇದೆಯೋ, ಎರಡು ಸಾಲು ಬರೆ.

ನಿನ್ನ ಮನೆಯ ಮುಂದೆ ದಿನಾ ಕಸ ಹೊಡೆದು ನೀರು ಚಿಮುಕಿಸುತ್ತೇನೆ. ನೀನು ಬರುವ ತನಕ.

ಕಾಶೆವ್ವ

*

ಯಮಕನಮರಡಿ
29 ಮಾರ್ಚ್ 2024

ಕಾಶಕ್ಕನವರಿಗೆ,

ನಿಮ್ಮ ಪತ್ರ ಬಂದಿತ್ತು. ನೀವು ಹಾಕುತ್ತಿರುವುದನ್ನೇ ಹಾಕಿರಿ. ಸಾಕು.

ಇಲ್ಲಿ ಮನೆ ಹೆದ್ದಾರಿಗೆ ಹತ್ತಿದೆ. ರಾವಸಾಹೇಬನ ಟೈರ್ ಅಂಗಡಿ ಮುಂದೆಯೇ ಇದೆ. ಅವನ ಹೆಂಡತಿ ಕಾಜಲ್ ಒಳ್ಳೆಯವಳು. ಊಟಕ್ಕೆ ಕರೆಯುತ್ತಾಳೆ. ನನಗೆ ಚಹಾ, ಖಾರಿ ಬಿಸ್ಕಿಟ್ ಸಾಕಾಗುತ್ತದೆ.

ಕಸ ಹೊಡೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಅಲ್ಲವ್ವ

*

ಕುಲಗೋಡ
10 ಏಪ್ರಿಲ್ 2024

ತಂಗಿ ಅಲ್ಲವ್ವ,

ನಿನ್ನ ಪತ್ರ ಹೀಗಿರುತ್ತದೆ ಎಂದು ಗೊತ್ತಿತ್ತು, ಆದರೂ ಮೂರು ಸಲ ಓದಿದೆ. ಮೂರು ಸಲ ಓದಿದರೂ ಒಂದು ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಇರಲಿ. ಕೂತಲ್ಲಿಗೆ ಚಹಾ, ಖಾರಿ ಬರುತ್ತದೆ ಅಂದರೆ ರಾಣಿಯ ಹಾಗಿದ್ದೀ, ನಮಗೆಲ್ಲಿದೆ ಆ ಪುಣ್ಯ.

"ನೀವು ಹಾಕುತ್ತಿರುವುದನ್ನೇ ಹಾಕಿರಿ" ಎಂದು ಬರೆದೆಯಲ್ಲ, ನನಗೆ ಧೈರ್ಯ ಬಂತು. ನಿನ್ನೆ ಯುಗಾದಿ. ಹೋಳಿಗೆ ಮಾಡಿದ್ದೆ. ಪ್ರತಿ ವರ್ಷ ನಿನ್ನ ಮನೆಗೆ ಐದು ಹೋಳಿಗೆ ಗೋಡೆಯ ಮೇಲಿಂದ ಬರುತ್ತಿದ್ದವು, ಮಾಯಾ ತಟ್ಟೆ ತೊಳೆದು ಅದರಲ್ಲಿ ಬೇವು ಬೆಲ್ಲ ಹಾಕಿ ವಾಪಸ್ ಕೊಡುತ್ತಿದ್ದಳು. ಈ ಸಲ ಐದು ಎತ್ತಿಟ್ಟೆ. ಯಾರಿಗೆ ಕೊಡಲಿ? ಮುರಿದು ಕೋಳಿಗಳಿಗೇ ಹಾಕಿದೆ. ತಿಂದವು ನೋಡು, ಪಾರವ್ವ ಎರಡು ಸಲ ಬಂದು ಕೇಳಿದಳು. ಹಬ್ಬದ ದಿನ ಹಸಿದ ಬಾಯಿಗೆ ಇಲ್ಲ ಎನ್ನಬಾರದು ಎಂದು ನಮ್ಮ ಮನೆಯಲ್ಲಿ ಹಿರಿಯರು ಹೇಳಿಕೊಟ್ಟದ್ದು. ದಾಸೋಹದ ಮನೆತನ, ಬೇಡಿದ ಬಾಯಿ ಕಂಡರೆ ಕೈ ನಿಲ್ಲುವುದಿಲ್ಲ.

ಈಗ ನನ್ನ ಬಳೆಯ ಸಪ್ಪಳಕ್ಕೇ ಓಡಿ ಬರುತ್ತವೆ. ಚೆನ್ನಾಗಿ ಮೈ ಬಂದಿದೆ. ನಡೆಯುವಾಗ ಸೊಸೆಯ ಸೀಮಂತಕ್ಕೆ ಬಂದ ಬೀಗಿತಿಯರ ಹಾಗೆ ತೂಗಾಡುತ್ತವೆ. ತತ್ತಿ ಸ್ವಲ್ಪ ಕಡಿಮೆ. ಬಿಸಿಲಿಗೆ ಇರಬೇಕು.

ಗೋಡೆಯ ಈ ಕಡೆ ನನಗೂ ಸಂಜೆ ಹೊತ್ತು ಹೋಗುವುದಿಲ್ಲ, ಅಲ್ಲವ್ವ. ಅದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದೆ. ಯಾವಾಗ ಬರುತ್ತೀ?

ಕಾಶೆವ್ವ

*

ಕುಲಗೋಡ
2 ಮೇ 2024

ತಂಗಿ ಅಲ್ಲವ್ವ,

ನಿನ್ನ ಉತ್ತರ ಬರಲಿಲ್ಲ. ಅಂಚೆಯವನನ್ನು ಬೈದೆ. "ಅವರು ಬರದ್ರ ತರ್ತೇನಿ, ನಾ ಬರೀಲೇನ್ರಿ?" ಎಂದ. ಮಾತು ಸರಿ.

ಕೋಳಿಗಳೆಲ್ಲ ಆರಾಮ. ಸಂಜೆ ನೀರಿನಲ್ಲಿ ಸ್ವಲ್ಪ ಬೆಲ್ಲ ಕದಡಿ ಇಡುತ್ತೇನೆ, ಬಿಸಿಲು ಬಹಳ. ಒಂದು ಸಣ್ಣ ಮಾತು ಕೇಳಬೇಕಿತ್ತು. ಮೊನ್ನೆ ಒಂದು ತತ್ತಿ ಎತ್ತಲು ಹೋದರೆ ಸೌಟಿನಲ್ಲೇ ಒಡೆಯಿತು. ಚಿಪ್ಪು ಕಾಗದದಷ್ಟು ತೆಳ್ಳಗೆ. ನಿನ್ನೆಯದಕ್ಕೆ ಚಿಪ್ಪೇ ಇರಲಿಲ್ಲ. ಭೀಮೇಶ ಬೆರಳಿನಲ್ಲಿ ಒತ್ತಿ ನೋಡಿ, "ಇದು ತತ್ತಿ ಅಲ್ಲರಿ ಕಾಶವ್ವಾರ, ನೀರಿನ ಚೀಲ ಐತಿ" ಎಂದ. ಮಾಯಾ ಇದಕ್ಕೆ ಏನಾದರೂ ಮಾಡುತ್ತಿದ್ದಳೇ? ಸುಣ್ಣ ಏನಾದರೂ ಕೊಡುತ್ತಿದ್ದಳೇ? ನಿನಗೆ ನೆನಪಿದ್ದರೆ ಬರೆ, ಇಲ್ಲದಿದ್ದರೆ ಬಿಡು. ದೊಡ್ಡ ಮಾತೇನಲ್ಲ.

ಪಾರವ್ವ ಉಳಿದವುಗಳ ಬೆನ್ನಿನ ಪುಕ್ಕ ಕಿತ್ತು ತಿನ್ನುತ್ತಾಳೆ. ಹೆಸರು ಇಟ್ಟದ್ದು ತಪ್ಪಾಯಿತೇನೋ.

ಕಾಶೆವ್ವ

*

ಯಮಕನಮರಡಿ
20 ಮೇ 2024

ಕಾಶಕ್ಕನವರಿಗೆ,

ಎರಡು ಪತ್ರ ಬಂದವು. ಬರೆಯಲು ಆಗಲಿಲ್ಲ. ಆಗಲಿಲ್ಲ ಎಂದರೆ ಕೆಲಸವಿತ್ತು ಎಂದಲ್ಲ. ಬೆಳಿಗ್ಗೆ ಏಳುತ್ತೇನೆ. ಹೆದ್ದಾರಿಯಲ್ಲಿ ಹೋಗುವ ಲಾರಿ ನೋಡುತ್ತಾ ಕೂಡುತ್ತೇನೆ. ಸಂಜೆಯಾಗುತ್ತದೆ. ಅಳು ಬರುವುದಿಲ್ಲ. ಕಾಜಲ್ ಅಳುತ್ತಾಳೆ, ನಾನು ನೋಡುತ್ತೇನೆ.

ರಾವಸಾಹೇಬ ಹೇಳುತ್ತಾನೆ, ಮನೆ ಬಾಡಿಗೆಗೆ ಕೊಟ್ಟು ನಾನು ಇಲ್ಲೇ ಇರಬೇಕು ಎಂದು. ಕೋಳಿಗಳನ್ನು ಇಲ್ಲಿಯ ಒಂದು ಧಾಬಾದವನಿಗೆ ಕೊಡುವುದಾಗಿ ಮಾತಾಡಿದ್ದಾನೆ. ಆಗಲಿ ಎಂದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮುಂಚೆ ರಾವಸಾಹೇಬನೇ ಗಾಡಿ ತಗೊಂಡು ಬರುತ್ತಾನೆ. ಹನ್ನೊಂದು ಕೋಳಿ ಎಂದು ಹೇಳಿದ್ದಾನೆ. ಕೀಲಿ ಅವನ ಕೈಗೆ ಕೊಡಿರಿ.

ಇಷ್ಟು ದಿನ ನೋಡಿಕೊಂಡದ್ದಕ್ಕೆ ನಿಮ್ಮ ಋಣ ಇದೆ.

ಅಲ್ಲವ್ವ

*

ಕುಲಗೋಡ
1 ಜೂನ್ 2024

ಅಲ್ಲವ್ವ,

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಮಾತಿದೆ. ಕೋಳಿಯನ್ನು ಕೇಳುವುದು ಬೇಡ. ಮೂರು ತಿಂಗಳು ಕೋಳಿ ಕಾದವಳನ್ನಾದರೂ ಕೇಳಬಾರದೇ?

ಅವು ಮಾಯಾ ಮರಿ ತಂದು ಸಾಕಿದವು. ಗೂಡಿಗೆ ತಾನೇ ಜಾಳಿಗೆ ಬಡಿದಳು, ಸುತ್ತಿಗೆ ಹೆಬ್ಬೆರಳಿಗೆ ಬಿದ್ದು ಉಗುರು ಕಪ್ಪಾಗಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಯಾರಿಗೂ ಕೈ ಚಾಚದೆ ಅವ್ವನ ಸೀರೆ ತಾನೇ ತರುತ್ತೇನೆ ಎನ್ನುತ್ತಿದ್ದಳು, ತಂದಳು ಕೂಡ. ಆ ಹಸಿರು ಸೀರೆ ಉಟ್ಟುಕೊಂಡೇ ನೀನು ಬಸ್ ಹತ್ತಿದೆ. ಧಾಬಾದವನ ಬಾಣಲಿಗೆ ಹಾಕಲಿಕ್ಕೆ ನಿನಗೆ ಮನಸ್ಸು ಹೇಗೆ ಬಂತು? ಅಳು ಬರುವುದಿಲ್ಲ ಎಂದು ಬರೆದೆ. ಎದೆಯ ಜಾಗದಲ್ಲಿ ಗಿರಣಿಯ ಕಲ್ಲು ಇದ್ದರೆ ಅಳು ಎಲ್ಲಿಂದ ಬರಬೇಕು?

ಇದನ್ನು ಬರೆದು ಹರಿಯಬೇಕೆಂದಿದ್ದೆ. ಹರಿಯುವುದಿಲ್ಲ. ಸಿಟ್ಟು ಬಂದಿದೆ, ಬಂದಿದೆ ಎಂದೇ ಗೊತ್ತಾಗಲಿ.

ರಾವಸಾಹೇಬ ಬರುವುದು ಬೇಡ. ಈಗಲೇ ಬೇಡ.

ಕಾಶೆವ್ವ

*

ಕುಲಗೋಡ
12 ಜೂನ್ 2024

ತಂಗಿ ಅಲ್ಲವ್ವ,

ಹಿಂದಿನ ಪತ್ರದಲ್ಲಿ ನಿನ್ನನ್ನು ಕಲ್ಲು ಎಂದೆ. ನಾನು ಸುಳ್ಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ನನ್ನದೇ ತೂಕ ಹೆಚ್ಚು.

ಕೋಳಿಗಳು ಹನ್ನೊಂದಿಲ್ಲ. ಎಂಟು ಇವೆ.

ಮೊದಲನೆಯದು ಏಪ್ರಿಲ್ ಕೊನೆಗೆ ಹೋಯಿತು, ಕರಿಯದು. ಮಧ್ಯಾಹ್ನ ನನ್ನ ಕೈಯಿಂದ ಶೇಂಗಾ ತಿಂದು ನಾಲ್ಕು ಹೆಜ್ಜೆ ಇಟ್ಟು ಬಿತ್ತು. ಬಿಸಿಲಿಗೆ ಎಂದುಕೊಂಡೆ. "ಎಲ್ಲ ಆರಾಮ" ಎಂದು ನಿನಗೆ ಬರೆದೆ. ಮಗಳನ್ನು ಕಳಕೊಂಡವಳಿಗೆ ಮಗಳ ಕೋಳಿ ಸತ್ತಿತು ಎಂದು ಬರೆಯುವ ಕೈ ನನಗಿರಲಿಲ್ಲ. ಎರಡನೆಯದು ಮೇ ತಿಂಗಳಲ್ಲಿ, ತತ್ತಿ ಹೊರಗೆ ಬರದೆ ಎರಡು ದಿನ ಒದ್ದಾಡಿತು. ನಿನ್ನ ನುಗ್ಗೆ ಗಿಡದ ಬುಡದಲ್ಲಿ ಎರಡನ್ನೂ ಹುಗಿದೆ. ಮೂರನೆಯದು ಪಾರವ್ವ, ಕಳೆದ ಶುಕ್ರವಾರ. ಅವಳೂ ಈಗ ಆ ಎರಡರ ಬಾಜೂ ಇದ್ದಾಳೆ.

ಅವತ್ತು ನಮ್ಮ ಎಮ್ಮೆ ನೋಡಲು ಮೂಡಲಗಿಯಿಂದ ದನದ ಡಾಕ್ಟರ್ ಶ್ರೀಶೈಲ ಬಂದಿದ್ದರು. ಕೈ ಹಿಡಿದು ನಿನ್ನ ಹಿತ್ತಲಕ್ಕೆ ಕರಕೊಂಡು ಹೋದೆ. ಅವರು ಪಾರವ್ವನನ್ನು ಕೊಯ್ದು ನೋಡಿದರು. ನಾನು ತಿರುಗಿ ನಿಂತಿದ್ದೆ, ಅವರೇ ಕರೆದು ತೋರಿಸಿದರು. ಹೊಟ್ಟೆಯ ತುಂಬ ಹಳದಿ ಕೊಬ್ಬು, ಹೆಪ್ಪುಗಟ್ಟಿದ ತುಪ್ಪದ ಹಾಗೆ. "ಏನ ಹಾಕ್ತೀರಿ ಇವಕ್ಕ?" ಎಂದರು. ಹೆಮ್ಮೆಯಿಂದ ಹೇಳಿದೆ. ಜೋಳ, ನುಚ್ಚು, ಚುರುಮುರಿ, ರೊಟ್ಟಿ, ಅನ್ನ, ಶೇಂಗಾ, ಬೆಲ್ಲದ ನೀರು, ಹಬ್ಬಕ್ಕೆ ಹೋಳಿಗೆ. ಅವರು ನಗಲಿಕ್ಕೆ ಬಾಯಿ ತೆರೆದರು, ನನ್ನ ಮುಖ ನೋಡಿ ನಗಲಿಲ್ಲ.

"ಅವ್ವಾರ, ಇದೆಲ್ಲಾ ತಿನಿಸಾತು. ಊಟ ಎಲ್ಲೈತಿ?"

ಊಟ ಬೇರೆ ಇದೆಯೇ ಎಂದು ಕೇಳಿದೆ. ಇದೆಯಂತೆ. ತತ್ತಿ ಇಡುವ ಕೋಳಿಗೆ ಬೇರೆಯೇ ಫೀಡ್ ಬರುತ್ತದಂತೆ. ಚಿಪ್ಪಿಗೆ ಬೇಕಾದ ಸುಣ್ಣ, ಪುಕ್ಕಕ್ಕೆ ಬೇಕಾದ ಸತ್ವ ಎಲ್ಲ ಅದರಲ್ಲಿ ಅಳತೆ ಮಾಡಿ ಹಾಕಿರುತ್ತಾರಂತೆ. ದಿನದ ಹೊಟ್ಟೆ ಅದರಿಂದ ತುಂಬಬೇಕು. ಸೊಪ್ಪು, ಕಾಳು, ಸಿಪ್ಪೆ ಎಲ್ಲ ಬಾಯಿಗೆ ರುಚಿಗೆಂದು ಹತ್ತರಲ್ಲಿ ಒಂದು ಪಾಲು, ಅದೂ ಊಟ ಆದ ಮೇಲೆ. ನಾನು ಹತ್ತಕ್ಕೆ ಹತ್ತೂ ಅದನ್ನೇ ಹಾಕಿದೆ. ಮಾಯಾ ಸಂಜೆ ಗೋಡೆಯ ಬಳಿ ಕೊಡುತ್ತಿದ್ದುದನ್ನು ಕಂಡೆ. ಬೆಳಿಗ್ಗೆ ಗೂಡಿನ ಹಿಂದೆ ಏನು ಕೊಡುತ್ತಿದ್ದಳು ಎಂಬುದು ಗೋಡೆಯ ಮೇಲಿಂದ ಕಾಣುವುದಿಲ್ಲ.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಮನೆಯವರು ಅಂದರು. ಅವರು ಅಂದದ್ದಕ್ಕೆ ಸಿಟ್ಟು ಬರಲಿಲ್ಲ.

ಅಲ್ಲವ್ವ, ನಿನ್ನ ಮಗಳ ಕೋಳಿಗಳನ್ನು ನಾನು ಪ್ರೀತಿಯಿಂದ ಕೊಂದೆ. ಹೇಗೆ ತೀರಿಸಲಿ ಗೊತ್ತಿಲ್ಲ. ಆದರೆ ಒಂದು ಮಾತು ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮೊದಲ ಪತ್ರದಲ್ಲೇ ಕೇಳಿದ್ದೆ, ಬೇರೆ ಏನಾದರೂ ಇದೆಯೋ ಎಂದು. ಫೀಡಿನ ಮಾತು ನಿನಗೆ ಮರೆತು ಹೋಗಿತ್ತೇ?

ಕಾಶೆವ್ವ

*

ಯಮಕನಮರಡಿ
24 ಜೂನ್ 2024

ಕಾಶಕ್ಕನವರಿಗೆ,

ಮರೆತಿರಲಿಲ್ಲ.

ನಿಮ್ಮ ಮೊದಲ ಪತ್ರ ಓದಿದ ಕೂಡಲೇ ಗೊತ್ತಾಯಿತು, ನೀವು ಸಂಜೆಯ ತಿನಿಸನ್ನೇ ಊಟ ಎಂದು ತಿಳಿದಿದ್ದೀರಿ ಎಂದು. ಬರೆಯಬಹುದಿತ್ತು. ಒಂದು ಸಾಲು ಸಾಕಿತ್ತು. ಹದಿನೈದು ದಿನ ಪೆನ್ನು ಹಿಡಿದು ಕೂತೆ. ಆಮೇಲೆ "ನೀವು ಹಾಕುತ್ತಿರುವುದನ್ನೇ ಹಾಕಿರಿ" ಎಂದು ಬರೆದೆ. ಚಿಪ್ಪಿಲ್ಲದ ತತ್ತಿಯ ಮಾತು ಬರೆದಿರಿ. ಆಗಲೂ ಗೊತ್ತಿತ್ತು. ಧಾಬಾದ ಮಾತು ಬಂದಾಗ ಇನ್ನು ಸಲೀಸಾಯಿತು ಎಂದುಕೊಂಡೆ.

ನೀವು ಕೊಂದಿಲ್ಲ. ನಿಮ್ಮ ಕೈಯಿಂದ ನಾನು ಕೊಂದೆ.

ಆ ದಿನ ಮಾಯಾ ಗೋಕಾಕಕ್ಕೆ ಪರೀಕ್ಷೆಯ ಫಾರ್ಮ್ ತುಂಬಲು ಹೋಗಿದ್ದಳು ಎಂದು ಊರೆಲ್ಲ ತಿಳಿದಿದೆ. ನಾನೂ ಎಲ್ಲರಿಗೂ ಹಾಗೇ ಹೇಳಿದೆ. ಫಾರ್ಮ್ ತುಂಬುವುದು ಗುರುವಾರವಿತ್ತು. ಅಂದು ಮಂಗಳವಾರ. ಬೆಳಿಗ್ಗೆ ನಾನೇ ಅಂದೆ, "ಫೀಡ್ ಮುಗದೈತಿ, ಇವತ್ತ ಹೋಗಿ ತಗೊಂಡ ಬಾ." ಅವಳು, "ನಾಡಿದ್ದು ಹೆಂಗೂ ಹೊಕ್ಕೇನಲ್ಲಬೇ, ಎರಡ ದಿನ ಜೋಳ ಹಾಕಿದ್ರ ಆಗ್ತೈತಿ" ಎಂದಳು. "ನಿನ್ನ ಕೋಳಿ, ನಿನ್ನ ಆಲಸ್ಯ" ಎಂದು ಬೈದೆ. ಅವಳು ನಕ್ಕು ಸ್ಕೂಟಿ ತೆಗೆದಳು. ಬರುವಾಗ ಕಬ್ಬಿನ ಟ್ರ್ಯಾಕ್ಟರ್.

ಸ್ಕೂಟಿಯಲ್ಲಿ ಅವಳ ಕಾಲ ಹತ್ತಿರ ಇಪ್ಪತ್ತೈದು ಕಿಲೊ ಫೀಡಿನ ಚೀಲ ಇತ್ತು. ಯಾರೋ ಅದನ್ನು ಮನೆಗೆ ತಂದು ಕಟ್ಟೆಯ ಮೇಲೆ ಇಟ್ಟು ಹೋದರು. ಒಂದು ಕಡೆಯೂ ಹರಿದಿರಲಿಲ್ಲ. ಹೊಲಿಗೆ ಹಾಗೇ ಇತ್ತು. ಹೆಣ ಬರುವ ಮುಂಚೆ ನಾನು ಅದನ್ನು ಎಳೆದು ಒಳಗಿನ ಕೋಣೆಯಲ್ಲಿ ಜೋಳದ ಡ್ರಮ್ಮಿನ ಹಿಂದೆ ಇಟ್ಟೆ. ಈಗಲೂ ಅಲ್ಲೇ ಇದೆ. ಅವಳು ಇದ್ದದ್ದೂ ಹೋದದ್ದೂ ನಿಮಗೆ ಗೊತ್ತು. ಚೀಲ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಎರಡು ದಿನ ಜೋಳ ಹಾಕಿದ್ದರೆ ಆಗುತ್ತಿತ್ತು. ನೀವು ಮೂರು ತಿಂಗಳು ಹಾಕಿದಿರಿ, ಎಂಟು ಬದುಕಿವೆ.

ಅವು ತಿನ್ನುತ್ತವೆ, ಮೈ ಬಂದಿದೆ, ಬಳೆಯ ಸಪ್ಪಳಕ್ಕೆ ಓಡಿ ಬರುತ್ತವೆ ಎಂದು ನೀವು ಬರೆದಾಗ ನನಗೆ ಹೊಟ್ಟೆಯಲ್ಲಿ ಉರಿ ಬಿತ್ತು, ಕಾಶಕ್ಕ. ಫೆಬ್ರವರಿಯಿಂದ ಇಲ್ಲಿಯವರೆಗೆ ನನಗೆ ಆದದ್ದು ಅದೊಂದೇ. ಉಳಿದದ್ದೆಲ್ಲ ಹೊರಗೆ ಎಲ್ಲೋ ನಡೆಯುತ್ತದೆ. ಅವು ಸಾಯಲಿ ಎಂದು ನಾನು ಬಯಸಲಿಲ್ಲ. ಬದುಕಲಿ ಎಂದೂ ಬಯಸಲಿಲ್ಲ. ಅಷ್ಟೇ.

ಈಗ ಕೇಳಿದಿರಿ, ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಗೂಡಿನ ಹಿಂದಿನ ಉದ್ದ ತಗಡಿನಲ್ಲಿ ಫೀಡ್. ಅರ್ಧ ತುಂಬಬೇಕು, ಪೂರ್ತಿ ತುಂಬಿದರೆ ಕೆದರಿ ಚೆಲ್ಲುತ್ತವೆ. ಬಾಜೂ ಒಡೆದ ಬಟ್ಟಲಿನಲ್ಲಿ ಸುಣ್ಣಕ್ಕೆಂದು ಸಿಂಪಿ ಚಿಪ್ಪಿನ ಚೂರು, ಬೇಕಾದವು ತಾವೇ ತಿನ್ನುತ್ತವೆ. ನೀರಿಗೆ ಬೆಲ್ಲ ಬೇಡ. ಸಂಜೆ ನಾಲ್ಕಕ್ಕೆ ಎರಡು ಹಿಡಿ ತಿನಿಸು, ಎಲ್ಲಕ್ಕೂ ಸೇರಿ ಎರಡು ಹಿಡಿ. ನಾನು ಒಮ್ಮೆ ಪಾಪ ಎಂದು ಇನ್ನೊಂದು ಹಿಡಿ ಹಾಕಲು ಹೋದರೆ ಕೈ ಹಿಡಿದಳು. "ಒಂಬತ್ತು ತುತ್ತ ಊಟ ಯವ್ವಾ, ಒಂದ ತುತ್ತ ರುಚಿ. ಜೀವ ಹಿಡಿಯೂದು ಊಟ, ನಿನ್ನ ಪ್ರೀತಿ ಅಲ್ಲ" ಎಂದಳು.

ಡ್ರಮ್ಮಿನ ಹಿಂದಿನ ಚೀಲ ತೆಗೆಯಬೇಡಿ. ಐದು ತಿಂಗಳಾಗುತ್ತ ಬಂತು, ಮಳೆಯ ತೇವಕ್ಕೆ ಬೂಸಲು ಹಿಡಿದಿರುತ್ತದೆ. ಕೋಳಿಗೆ ಆಗುವುದಿಲ್ಲ. ಯಾತಕ್ಕೂ ಆಗುವುದಿಲ್ಲ.

ಇಷ್ಟು ಓದಿದ ಮೇಲೆ ನೀವು ಬರೆಯದಿದ್ದರೆ ತಿಳಿದುಕೊಳ್ಳುತ್ತೇನೆ.

ಅಲ್ಲವ್ವ

*

ಕುಲಗೋಡ
8 ಜುಲೈ 2024

ತಂಗಿ ಅಲ್ಲವ್ವ,

ನಿನ್ನ ಪತ್ರ ಬಂದು ಏಳು ದಿನವಾಯಿತು. ಏಳು ದಿನ ಗಿರಣಿಯಲ್ಲಿ ಒಬ್ಬರ ಹಿಟ್ಟು ಇನ್ನೊಬ್ಬರ ಡಬ್ಬಿಗೆ ಹಾಕಿದೆ. ಬೈಸಿಕೊಂಡೆ. ನಿನ್ನ ತಪ್ಪಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ತಪ್ಪು ಎಂದು ನಾನು ಬರೆಯುವುದಿಲ್ಲ. ಸುಳ್ಳು ಬರೆದವಳಿಗೆ ಆ ಅಧಿಕಾರವೂ ಇಲ್ಲ. ಆದರೆ ಬರೆಯುತ್ತಿದ್ದೇನೆ, ಅದನ್ನು ನೋಡು.

ನಡೆದದ್ದು ಹೇಳುತ್ತೇನೆ.

ಪಾರವ್ವ ಸತ್ತ ವಾರದಲ್ಲೇ ಡಾಕ್ಟರ್ ತಮ್ಮ ಗಾಡಿಯಲ್ಲಿ ಒಂದು ಸಣ್ಣ ಚೀಲ ಫೀಡ್ ತಂದು ಕೊಟ್ಟರು. ಹಾಕಿದರೆ ಎಂಟೂ ಮೂಸಿ ನೋಡಿ ದೂರ ಹೋಗಿ ಕೂತವು. ನನ್ನ ಸೆರಗನ್ನೇ ನೋಡುತ್ತವೆ. ಮೊದಲ ದಿನ ಒಂದೂ ತಿನ್ನಲಿಲ್ಲ. ಎರಡನೆಯ ದಿನ ಗೋಡೆಗೆ ಬಂದು ಕೂಗಿದವು. ಬೇಡುವ ಬಾಯಿಗೆ ಇಲ್ಲ ಎಂದು ನನ್ನ ಜನ್ಮದಲ್ಲಿ ಅಂದವಳಲ್ಲ ನಾನು. ಬಳೆ ತೆಗೆದಿಟ್ಟು, ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತೆ. ಮೂರನೆಯ ದಿನ ಬೆಳಿಗ್ಗೆ ತಗಡು ಖಾಲಿ ಇತ್ತು.

ನಿನ್ನ ಪತ್ರ ಬಂದ ಮೇಲೆ ನೀನು ಬರೆದ ಅಳತೆಯೇ. ಸಂಜೆ ಎರಡು ಹಿಡಿ. ಈಗ ಎಂಟೇ ಇವೆಯೆಂದು ಎರಡನೆಯ ಹಿಡಿ ಅರ್ಧ ಮಾಡಿದ್ದೇನೆ. ಪುಕ್ಕ ಕಿತ್ತ ಜಾಗದಲ್ಲಿ ಮುಳ್ಳಿನ ಹಾಗೆ ಹೊಸದು ಬರುತ್ತಿದೆ.

ರಾವಸಾಹೇಬ ಬುಧವಾರ ಬಂದಿದ್ದ, ಅಮಾವಾಸ್ಯೆಗೆ ಎರಡು ದಿನ ಮುಂಚೆ. ಗಾಡಿಯಲ್ಲಿ ಪಂಜರ. ಕೀಲಿ ಕೇಳಿದ. "ಕೀಲಿ ನಿಮ್ಮಕ್ಕ ನನ್ನ ಕೈಯಾಗ ಕೊಟ್ಟಾಳ. ಆಕಿನ ಬಂದು ತಗೊಳ್ಳಿ" ಎಂದೆ. "ಆಕಿ ಹೂಂ ಅಂದಾಳರಿ" ಎಂದ. "ಆಕಿ ಈಗ ಎಲ್ಲಾದಕ್ಕೂ ಹೂಂ ಅಂತಾಳ, ನಾಳೆ ನಿನ್ನ ಟೈರ್ ಅಂಗಡಿ ಮಾರಂದ್ರೂ ಹೂಂ ಅಂತಾಳ" ಎಂದೆ. ನಮ್ಮ ಮನೆಯವರು ಗಿರಣಿ ಬಂದ್ ಮಾಡಿ ಬಂದು ನನ್ನ ಬಾಜೂ ನಿಂತರು. ಕೋಳಿಯ ಪಕ್ಷ ವಹಿಸಿ ಮುರಿಗೆಪ್ಪ ನಿಲ್ಲುತ್ತಾರೆಂದು ಯಾರು ತಿಳಿದಿದ್ದರು? ನಿನ್ನ ತಮ್ಮ ಒಳ್ಳೆಯವ. ಚಹಾ ಕುಡಿದು ಖಾಲಿ ಪಂಜರ ತಗೊಂಡು ಹೋದ. ಹೋಗುವಾಗ ಒಂದು ಮಾತು ಹೇಳಿದ, ನೀನು ಊಟ ಬಿಟ್ಟು ನಾಲ್ಕು ತಿಂಗಳಾಯಿತು ಎಂದು. ಬರೇ ಚಹಾ ಖಾರಿ ಎಂದು. ನೀನು ಮಾರ್ಚ್‌ನಲ್ಲೇ ಬರೆದಿದ್ದೆ. ನಾನು ರಾಣಿ ಎಂದು ಚೇಷ್ಟೆ ಮಾಡಿದೆ. ಅದೂ ಗೋಡೆಯ ಮೇಲಿಂದ ಓದಿದ್ದೇ ಆಯಿತು.

ಇನ್ನೊಂದು. ನಿನ್ನೆ ಬೆಳಿಗ್ಗೆ ಗೂಡಿನಲ್ಲಿ ತತ್ತಿ ಇತ್ತು. ಒಂದೂವರೆ ತಿಂಗಳ ಮೇಲೆ ಮೊದಲನೆಯದು. ಸೌಟು ತರಲು ತಿರುಗಿದೆ, ಅಷ್ಟರಲ್ಲಿ ಬಿಳಿ ಕೋಳಿ ಅದರ ಮೇಲೆ ಕಾಲಿಡಲು ಬಂತು. ಕೈ ಹಾಕಿ ಎತ್ತಿಬಿಟ್ಟೆ. ಎತ್ತಿದ ಮೇಲೆ ನೋಡುತ್ತೇನೆ, ಎಡಗೈ. ಪೂಜೆಯ ಹೊತ್ತಿಗೆ ಲಿಂಗ ಹಿಡಿಯುವ ಕೈ. ಗಟ್ಟಿ ಚಿಪ್ಪು, ಇನ್ನೂ ಬಿಸಿ ಇತ್ತು. ಇಳಿಸಬೇಕು ಅನ್ನಿಸಲಿಲ್ಲ. ಆರುವ ತನಕ ಹಿಡಿದು ನಿಂತಿದ್ದೆ. ಆಮೇಲೆ ಕೈ ತೊಳೆದೆ. ಮನೆಯವರಿಗೆ ಹೇಳಿದೆ. ಅವರು, "ಜೀವ ಇದ್ದದ್ದನ್ನ ಹಿಡದೀದಿ, ಏನಾತು" ಎಂದರು.

ಡ್ರಮ್ಮಿನ ಹಿಂದಿನ ಚೀಲ ಮುಟ್ಟಿಲ್ಲ. ಆ ಕೋಣೆಗೇ ಹೋಗಿಲ್ಲ.

ಡಾಕ್ಟರ್ ತಂದ ಫೀಡ್ ಇನ್ನು ಒಂದು ವಾರ, ಹತ್ತು ದಿನ ಬಂದೀತು. ಮುಂದಿನದಕ್ಕೆ ನಮ್ಮ ಮನೆಯವರನ್ನು ಗೋಕಾಕಕ್ಕೆ ಕಳಿಸುತ್ತೇನೆ. ನೀನು ಬಾ ಎಂದು ಈ ಸಲ ಬರೆಯುವುದಿಲ್ಲ. ಒಂದು ರೊಟ್ಟಿ ತಿನ್ನು ಎಂದು ಬರೆಯುತ್ತೇನೆ.

ಕಾಶೆವ್ವ

*

ಯಮಕನಮರಡಿ
14 ಜುಲೈ 2024

ಕಾಶಕ್ಕ,

ನಿನ್ನೆ ಕಾಜಲ್ ರೊಟ್ಟಿ ಬಡಿದಳು. ಒಂದು ತಿಂದೆ. ರುಚಿ ಗೊತ್ತಾಗಲಿಲ್ಲ. ತಿಂದೆ.

ಮುರಿಗೆಪ್ಪ ಮಾವನವರನ್ನು ಗೋಕಾಕಕ್ಕೆ ಕಳಿಸಬೇಡಿ. ಗುರುವಾರ ನಾನು ಬರುತ್ತೇನೆ. ಗೋಕಾಕದಲ್ಲಿ ಇಳಿದು ಅದೇ ಅಂಗಡಿಗೆ ಹೋಗುತ್ತೇನೆ. ಅಂಗಡಿಯವನು ಮಾಯಾಳನ್ನು ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ. ಅಲ್ಲಿಂದ ಕುಲಗೋಡಿನ ಬಸ್ಸು ಮಾಯಾ ಬಿದ್ದ ಆ ತಿರುವಿನಲ್ಲೇ ಬರುತ್ತದೆ, ಬೇರೆ ದಾರಿ ಇಲ್ಲ. ಚೀಲ ಕಾಲ ಹತ್ತಿರ ಇಟ್ಟುಕೊಂಡು ಕೂಡುತ್ತೇನೆ. ಕಣ್ಣು ಮುಚ್ಚುವುದಿಲ್ಲ ಎಂದುಕೊಂಡಿದ್ದೇನೆ. ಅಲ್ಲಿಗೆ ಬಂದಾಗ ನೋಡಬೇಕು.

ಒಳಗಿನ ಕೋಣೆಯ ಹಳೆಯ ಚೀಲ ನಾನೇ ಬಿಚ್ಚುತ್ತೇನೆ. ನುಗ್ಗೆಯ ಬುಡಕ್ಕೆ ಸುರಿಯುತ್ತೇನೆ, ಆ ಮೂರರ ಮೇಲೆ.

ಈ ಸಲ ದೊಡ್ಡ ಚೀಲ, ಐವತ್ತು ಕಿಲೊ. ಕಂಡಕ್ಟರ್ ಕೈ ಹಚ್ಚಿದರೂ ಬಸ್ಸಿನಿಂದ ಇಳಿಸಿ ಮನೆ ಮುಟ್ಟಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ನೀವು ಸ್ಟ್ಯಾಂಡಿಗೆ ಬರಬೇಕು.

ನಾಲ್ಕರ ಒಳಗೆ ಮುಟ್ಟುತ್ತೇನೆ. ಬಳೆ ಹಾಕಿಕೊಂಡು ಬನ್ನಿ.

ಅಲ್ಲವ್ವ